ವ್ಯಾನ್ ಹೇಲನರ ಗಿಟಾರು: ಮಾರ್ಪಾಟು ಮತ್ತು ಪ್ರತಿಕೃತಿ

ಸಂಗೀತ ವಿಮರ್ಶೆಯಲ್ಲಿ ವಾದಕನ ಕೈಚಳಕಕ್ಕೆ ಸಲ್ಲುವ ಗಮನ ಅವನ ವಾದ್ಯಕ್ಕೆ ಸಲ್ಲುವುದು ಅಪೂರ್ವ. ವಾದ್ಯವು ಸಿದ್ಧವಸ್ತು, ವಾದಕನು ಅದನ್ನು ಬಳಸುವವನು ಮಾತ್ರ ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಈ ಭಾವನೆ ಎಲ್ಲೆಡೆಯೂ ಸಲ್ಲದೆಂಬುದಕ್ಕೆ ಅಮೆರಿಕದ ರಾಕ್ ವಾದಕ ಎಡ್ಡಿ ವ್ಯಾನ್ ಹೇಲನರ (೧೯೫೫–೨೦೨೦) ‘ಫ್ರಾಂಕೆನ್‌ಸ್ಟೈನ್’ ಎಂಬ ವಿದ್ಯುತ್ ಗಿಟಾರು ಒಳ್ಳೆಯ ನಿದರ್ಶನ. ಅದರಲ್ಲಿ ಅವರು ಮಾಡಿಕೊಂಡ ಮಾರ್ಪಾಟುಗಳಿಗೂ ಮುಂದೆ ಅವರ ಹೆಸರಿನಲ್ಲಿ ಮಾರಾಟಕ್ಕೆ ಬಂದ ಗಿಟಾರುಗಳಿಗೂ ಇರುವ ಸಂಬಂಧವನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

ಫೆಂಡರ್ ಕಂಪೆನಿಯ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ತಂತಿಗಳ ಬಿಗಿಯನ್ನು ಸಡಿಲಿಸಿ ಸ್ವರವನ್ನು ಏರಿಳಿಸುವ ಸನ್ನೆಕೋಲಿತ್ತು. ಆದರೆ ಅದರ ಒಂಟಿ ಸುರುಳಿಯ ಪಿಕಪ್‌ಗಳು ನಾದದೊಡನೆ ವಿದ್ಯುತ್ತಿನ ಗುಂಯ್ಗುಡುವಿಕೆಯನ್ನೂ ಹಿಡಿಯುತ್ತಿದ್ದವು. ಗಿಬ್ಸನ್ ಕಂಪೆನಿಯ ಹಂಬಕರ್ ಪಿಕಪ್ಪಿನಲ್ಲಿ ಎರಡು ಸುರುಳಿಗಳು ಒಂದರ ಗದ್ದಲವನ್ನು ಇನ್ನೊಂದು ಅಳಿಸುವಂತೆ ಜೋಡಣೆಗೊಂಡಿದ್ದು, ನಾದವೂ ತುಂಬಾಗಿತ್ತು. ವ್ಯಾನ್ ಹೇಲನರಿಗೆ ಬೇಕಾಗಿದ್ದುದು ಎರಡೂ. ೫೦ ಡಾಲರಿಗೆ ದೋಷವಿದ್ದ ಒಡಲೊಂದನ್ನೂ ೮೦ ಡಾಲರಿಗೆ ಕೊರಳನ್ನೂ ಕೊಂಡು, ಗಿಬ್ಸನ್ನಿನ ಹಂಬಕರನ್ನು ಅದರಲ್ಲಿ ಕೂರಿಸಿದರು. ಪಿಕಪ್ಪು ಕೀರಲು ದನಿ ಮಾಡದಂತೆ ಅದನ್ನು ಕರಗಿಸಿದ ಮೇಣದಲ್ಲಿ ಅದ್ದಿ, ಸುರುಳಿಯ ಎಳೆಗಳು ಅಲುಗದಂತೆ ಮಾಡಿದರು. ಫೆಂಡರ್ ಮಾದರಿಯಲ್ಲಿ ತಂತಿಗಳ ನಡುವಣ ಅಂತರ ಹೆಚ್ಚಾದುದರಿಂದ ಅದನ್ನು ಓರೆಯಾಗಿಟ್ಟರು. ಟೋನ್ ನಿಯಂತ್ರಣವನ್ನು ಕೈಬಿಟ್ಟು ಧ್ವನಿಪ್ರಮಾಣದ ಒಂದೇ ಗುಂಡಿಯನ್ನು ಉಳಿಸಿಕೊಂಡರು. ಮುಂದೆ, ತಂತಿಗಳನ್ನು ಎರಡೂ ತುದಿಯಲ್ಲಿ ಬಂಧಿಸಿ ಶ್ರುತಿ ಕೆಡದಂತೆ ಕಾಯುವ ಫ್ಲಾಯ್ಡ್ ರೋಸ್ ಸೇತುವೆಯನ್ನು ಅಳವಡಿಸಿ, ಅದು ಸ್ಥಿರವಾಗಿರಲೆಂದು ೧೯೭೧ರ ಕಾಲು ಡಾಲರ್ ನಾಣ್ಯವೊಂದನ್ನು ಒಡಲಿಗೆ ತಿರುಪಿನಿಂದ ಬಿಗಿದರು. ಹೀಗೆ ಪ್ರತಿಯೊಂದು ಮಾರ್ಪಾಟಿನ ಹಿಂದೆಯೂ ಕಾರ್ಖಾನೆಯ ವಾದ್ಯದ ಒಂದು ಕೊರತೆಯಿದೆ. ಈ ಅರ್ಥದಲ್ಲಿ ಈ ಗಿಟಾರು ಒಂದು ವಿಮರ್ಶೆ ಎಂದರೂ ತಪ್ಪಾಗದು.

ಆದರೆ ಇದರಲ್ಲಿ ನಾದಕ್ಕೆ ಸಂಬಂಧಪಡದ ಅಂಶಗಳೂ ಉಂಟು. ಧ್ವನಿಪ್ರಮಾಣದ ಗುಂಡಿಯ ಮೇಲೆ ‘ಟೋನ್’ ಎಂದು ಬರೆದಿದೆ. ಕೊರಳ ಬಳಿಯ ಪಿಕಪ್ಪಿಗೂ ನಡುವಣ ಸ್ವಿಚ್ಚಿಗೂ ಯಾವ ಕೆಲಸವೂ ಇಲ್ಲ. ಅನುಕರಿಸುವವರ ದಾರಿ ತಪ್ಪಿಸಲೆಂದೇ ಅವನ್ನು ಇಟ್ಟರೆಂದು ಪ್ರತೀತಿ.

ಇನ್ನು ಅವರ ಹೆಸರಿನ ಗಿಟಾರುಗಳ ವಿಚಾರ. ೧೯೯೧ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪೆನಿ ಹೊರತಂದ ಮಾದರಿಯಲ್ಲಿ ಎರಡು ಹಂಬಕರ್‌ಗಳಿದ್ದು ಎರಡೂ ಕೆಲಸ ಮಾಡುತ್ತವೆ. ಹಳೆಯ ಗಿಟಾರಿನ ರೂಪವನ್ನು ಬಿಟ್ಟು ಅದರ ಉದ್ದೇಶವನ್ನು ಮುಂದುವರಿಸಿದ ವಾದ್ಯ ಇದು. ಆದರೂ ಧ್ವನಿಪ್ರಮಾಣದ ಏಕೈಕ ಗುಂಡಿಯ ಮೇಲೆ ‘ಟೋನ್’ ಎಂಬ ಬರಹ ಉಳಿದುಕೊಂಡಿತು. ೧೯೯೬ರಲ್ಲಿ ಪೀವಿ ಕಂಪೆನಿಯಿಂದ ಬಂದ ‘ವುಲ್ಫ್‌ಗ್ಯಾಂಗ್’ ಗಿಟಾರೂ ಹಳೆಯದರ ನಕಲಲ್ಲ.

೨೦೦೭ರಲ್ಲಿ ಫೆಂಡರ್ ಕಂಪೆನಿ ೩೦೦ ಪ್ರತಿಗಳನ್ನು ಮಾಡಿ ಒಂದೊಂದಕ್ಕೆ ೨೫,೦೦೦ ಡಾಲರ್ ಬೆಲೆಯಿಟ್ಟ ಪ್ರತಿಕೃತಿ ಬೇರೆಯೇ ಬಗೆಯದು. ಇದರಲ್ಲಿ ಕೆಂಪು, ಕಪ್ಪು, ಬಿಳಿ ಪಟ್ಟೆಗಳು ಮಾತ್ರವಲ್ಲ, ಗೀರುಗಳು, ಸಿಗರೇಟಿನ ಸುಟ್ಟ ಕಲೆ, ನಾಣ್ಯ, ನಿರುಪಯುಕ್ತ ಪಿಕಪ್ಪು ಎಲ್ಲವೂ ಇವೆ. ಓಲೆಯ ಪ್ರತಿಯನ್ನು ಎತ್ತಿಬರೆಯುವ ಲಿಪಿಕಾರನು ಸ್ಖಾಲಿತ್ಯವನ್ನೂ ಮೂಲಪಾಠವೆಂದು ಬರೆದಿಡುವುದು ನಮ್ಮ ಗ್ರಂಥಸಂಪಾದಕರಿಗೆ ಪರಿಚಿತವೇ ಆಗಿದೆ. ಇಲ್ಲಿನ ನಕಲುಗಾರರು ಅರಿಯದೆ ಹಾಗೆ ಮಾಡಿದವರಲ್ಲ, ಅರಿತೇ ಮಾಡಿದವರು. ಅನುಕರಣೆಯನ್ನು ತಡೆಯಲು ಹೂಡಿದ ಉಪಾಯವೇ ಅನುಕರಣೆಗೆ ವಸ್ತುವಾಯಿತು!

ಪ್ರತಿಕೃತಿಗೆ ದಾಖಲೆಯ ಬೆಲೆಯಿದೆ ಎಂಬ ಆಕ್ಷೇಪ ಬರಬಹುದು. ಆ ಬೆಲೆಯನ್ನು ನಾವು ಅಲ್ಲಗಳೆಯುವುದಿಲ್ಲ. ೨೦೧೯ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಮೂಲ ಗಿಟಾರನ್ನೇ ಪ್ರದರ್ಶಿಸಿತು. ಅದನ್ನು ಕಾಣಲಾರದವರಿಗೆ ಪ್ರತಿಕೃತಿಯೇ ಗತಿ. ಆದರೆ ದಾಖಲೆ ಬೇರೆ, ಪರಂಪರೆ ಬೇರೆ. ಮೂಲದ ಗೀರು ಬಳಕೆಯ ಫಲ; ಪ್ರತಿಕೃತಿಯ ಗೀರು ಅಲಂಕಾರ. ವ್ಯಾನ್ ಹೇಲನರಿಂದ ಕಲಿಯಬೇಕಾದುದು ಗೀರುಗಳ ಸ್ಥಾನವನ್ನಲ್ಲ, ಕೈಯಲ್ಲಿರುವ ವಾದ್ಯದಲ್ಲಿ ತನಗೆ ಬೇಕಾದ ನಾದಕ್ಕೆ ಯಾವುದು ಅಡ್ಡಿಯಾಗಿದೆ ಎಂದು ಕೇಳಿಕೊಳ್ಳುವ ರೀತಿಯನ್ನು. ಆದ್ದರಿಂದ ರೂಪದಲ್ಲಿ ದೂರ ಸರಿದ ೧೯೯೧ರ ಗಿಟಾರೇ ಮೂಲಕ್ಕೆ ಹೆಚ್ಚು ನಿಷ್ಠವಾದುದೆಂದು ನಮ್ಮ ಅಭಿಪ್ರಾಯ.