ಕ್ರೆಯಾನ್ ಹಂಚಿಕೊಂಡ ಮಗು ಜಾಣ ಮಗುವೇ?

ಒಂದನೇ ತರಗತಿಯ ಮಗು ಪಕ್ಕದಲ್ಲಿ ಕೂತ ಮಗುವಿನ ಬಗ್ಗೆ ಮೂರು ಮಾತು ಹೇಳಬೇಕು. ಕೆಲಸ ಮುಗಿಸಲು ನೆರವಾಗುತ್ತಾಳೆಯೇ? ಬೇರೆಯವರ ಜೊತೆ ಆಡಲು ಇಷ್ಟಪಡುತ್ತಾಳೆಯೇ? ಕ್ರೆಯಾನ್, ಗೋಂದು, ಸೀಮೆಸುಣ್ಣ ಹಂಚಿಕೊಳ್ಳುತ್ತಾಳೆಯೇ? ಎನ್‌ಸಿಇಆರ್‌ಟಿಯಲ್ಲಿ 2023ರಲ್ಲಿ ಶುರುವಾದ ‘ಪರಖ್’ ಮೌಲ್ಯಮಾಪನ ಕೇಂದ್ರ ರೂಪಿಸಿದ ಸಮಗ್ರ ಪ್ರಗತಿ ಪತ್ರದಲ್ಲಿ, ಬುನಾದಿ ಹಂತದ ಮಕ್ಕಳಿಗಾಗಿ ಇರುವ ಸಹಪಾಠಿ ಮೌಲ್ಯಮಾಪನದ ಸಾಲುಗಳ ಸಾರ ಇದು. ಪ್ರಗತಿ ಪತ್ರದಲ್ಲಿ ಶಿಕ್ಷಕರ ಮಾತಿನ ಜೊತೆ ಮಗುವಿನ ಸ್ವಂತ ಮಾತೂ ಸಹಪಾಠಿಗಳ ಮಾತೂ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತ್ತು. ಆ ಮಾತು ಕಾಗದಕ್ಕೆ ಇಳಿದದ್ದು ಹೀಗೆ.

ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಅಂಕಪಟ್ಟಿಯ ಜಾಗದಲ್ಲಿ ಮಾತು ಬಂದಿದೆ, ಶೇಕಡಾವಾರು ಹೋಗಿ ತೊರೆ, ಪರ್ವತ, ಆಕಾಶ ಎಂಬ ಹಂತಗಳು ಬಂದಿವೆ. (ಆಕಾಶ ಮೇಲಿದೆ, ತೊರೆ ಕೆಳಗಿದೆ ಎಂಬುದು ಆರು ವರ್ಷದ ಮಗುವಿಗೂ ಗೊತ್ತು, ಇರಲಿ.) ತಕರಾರಿರುವುದು ಆ ಮೂರು ಪ್ರಶ್ನೆಗಳ ಗುರಿಯ ಬಗ್ಗೆ. ಅವು ಮಗು ಬರೆದದ್ದನ್ನು, ಬಿಡಿಸಿದ್ದನ್ನು, ಲೆಕ್ಕ ಮಾಡಿದ್ದನ್ನು ಕೇಳುವುದಿಲ್ಲ. ಮಗು ಎಂಥದ್ದು ಎಂದು ಕೇಳುತ್ತವೆ.

ದೇಶಕ್ಕೆಲ್ಲ ಮಾದರಿಯೆಂದು ಕೊಟ್ಟ ಈ ಪತ್ರವನ್ನು ಅಂಬೇಡ್ಕರರ ನೆನಪಿರುವ ನಾಗಪುರದಲ್ಲಿ ನಿಂತು ಓದಬೇಕು. ಕ್ರೆಯಾನ್ ಡಬ್ಬಿಯೇ ಇಲ್ಲದ ಮಗು ಹಂಚಿಕೊಳ್ಳುವುದೇನು? ಕ್ರೆಯಾನ್ ಕೊಟ್ಟರೂ ಅವಳ ಕೈಯಿಂದ ಯಾರೂ ತೆಗೆದುಕೊಳ್ಳದಿದ್ದರೆ? ಇದು ಕಲ್ಪನೆಯ ಆತಂಕವಲ್ಲ. 1956ರ ಅಕ್ಟೋಬರ್ 14ರಂದು ಇದೇ ಊರಿನ ದೀಕ್ಷಾಭೂಮಿಯಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದ ಅಂಬೇಡ್ಕರ್, ಬಾಲ್ಯದಲ್ಲಿ ಸಾತಾರಾದ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಮೂಲೆಯಲ್ಲಿ ಬೇರೆಯೇ ಕೂರಬೇಕಿತ್ತು. ಆ ಗೋಣಿಯನ್ನು ಶಾಲೆಯ ಆಳು ಮುಟ್ಟುತ್ತಿರಲಿಲ್ಲವಾದ್ದರಿಂದ ಹುಡುಗ ಅದನ್ನು ದಿನವೂ ಮನೆಗೆ ಹೊತ್ತೊಯ್ದು ಮತ್ತೆ ತರುತ್ತಿದ್ದ. ‘ಬೇರೆಯವರ ಜೊತೆ ಆಡಲು ಇಷ್ಟಪಡುತ್ತಾನೆಯೇ’ ಎಂದು ಆ ತರಗತಿಯ ಸಹಪಾಠಿಗಳನ್ನು ಕೇಳಿದ್ದರೆ ಏನು ಉತ್ತರ ಬರುತ್ತಿತ್ತು? ಜೊತೆಗೆ ಆಡಲು ಬಿಡದವರೇ ‘ಇಲ್ಲ’ದ ಚೌಕಕ್ಕೆ ಗುರುತು ಹಾಕುತ್ತಿದ್ದರು, ಅದು ಹುಡುಗನ ಕೊರತೆಯಾಗಿ ದಾಖಲಾಗುತ್ತಿತ್ತು. ಇಂದಿನ ತರಗತಿಗಳಲ್ಲಿ ಗೋಣಿತಟ್ಟು ಕಾಣದಿರಬಹುದು. ಮನೆಯ ಭಾಷೆ ಬೇರೆಯಾದ ಮಗು, ಮಾತು ಕಡಿಮೆಯಾದ ಮಗು, ವರ್ಷದ ನಡುವೆ ಬಂದು ಸೇರಿದ ಮಗು ಎಲ್ಲ ಊರಲ್ಲೂ ಇದ್ದಾರೆ. ಮಕ್ಕಳು ಪರಸ್ಪರ ಕೊಡುವ ಶೀಲದ ಪ್ರಮಾಣಪತ್ರದಲ್ಲಿ ಊರಿನ ಪಕ್ಷಪಾತವೇ ಮಕ್ಕಳ ಅಕ್ಷರದಲ್ಲಿ ಬಂದು ಕೂರುತ್ತದೆ.

ಹಾಗಾದರೆ ಮಕ್ಕಳು ಮಕ್ಕಳ ಕೆಲಸವನ್ನು ನೋಡಲೇಬಾರದೇ? ನೋಡಬೇಕು. ನೋಡುವ ಪದ್ಧತಿ ನಮಗೆ ಹೊಸದೂ ಅಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ 533 ಶಾಲೆಗಳ, 6,641 ವಿದ್ಯಾರ್ಥಿಗಳ ವರದಿ ಕಳಿಸಿದ. ಮಕ್ಕಳು ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದುತ್ತಿದ್ದರು, ಮುಂದಿದ್ದವರು ಹಿಂದಿದ್ದವರಿಗೆ ಕಲಿಸುತ್ತ ತಮ್ಮದನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಅವನು ಅದನ್ನು ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯೇ ಎಂದ. ಆಂಡ್ರ್ಯೂ ಬೆಲ್ ಮದರಾಸಿನಿಂದ ಹೊತ್ತೊಯ್ದ ‘ಮದರಾಸು ಪದ್ಧತಿ’ ಆಗಲೇ ಅಲ್ಲಿ ಹಬ್ಬಿತ್ತು. ಮರಳಿನ ಮೇಲಿನ ತಪ್ಪು ಅಕ್ಷರ ಇಬ್ಬರ ಕಣ್ಣಿಗೂ ಬೀಳುತ್ತದೆ. ಅದನ್ನು ಅಳಿಸಿ ಬರೆಸುವುದಕ್ಕೆ ಯಾರ ಗುಣನಡತೆಯೂ ಬೇಕಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲೂ ‘ಗೆಳೆಯರ ಸಹಾಯ’ದ ತಟ್ಟೆ ಎಂಬ ಗುಂಪುಗಳಿವೆ, ಅಲ್ಲಿ ಮಕ್ಕಳ ನಡುವೆ ಇರುವುದು ಒಂದು ಕಾರ್ಡು, ಒಂದು ಚಟುವಟಿಕೆ.

ನಾಗಪುರದಿಂದ ಸುಮಾರು 75 ಕಿ.ಮೀ. ದೂರದ ಸೇವಾಗ್ರಾಮದಲ್ಲಿ ಇದರ ಇನ್ನೊಂದು ರೂಪವಿತ್ತು. ಗಾಂಧೀಜಿಯ ಕೈಕಸುಬಿನ ಶಿಕ್ಷಣದ ಬಗ್ಗೆ 1937ರ ಅಕ್ಟೋಬರ್‌ನಲ್ಲಿ ನಡೆದ ವಾರ್ಧಾ ಸಮ್ಮೇಳನದ ಬಳಿಕ ಜಾಕಿರ್ ಹುಸೇನ್ ಸಮಿತಿ ನೂಲುವಿಕೆಗೆ ಪಠ್ಯಕ್ರಮ ಬರೆದಾಗ, ಯಾವ ಹಂತದಲ್ಲಿ ಎಷ್ಟು ನೂಲು, ಯಾವ ನಂಬರಿನ ನೂಲು ಎಂದು ಬರೆಯಿತು. ಈ ಅಳತೆ ತುಂಬ ಬಿಗಿಯೆಂಬ ಟೀಕೆಗೆ ನನ್ನ ಸಹಮತವೂ ಇದೆ. ಆದರೆ ನೂಲಿಗೊಂದು ಗುಣವಿದೆ. ಎಳೆದರೆ ಕಡಿಯುತ್ತದೆ ಅಥವಾ ಕಡಿಯುವುದಿಲ್ಲ, ಎಲ್ಲಿ ದಪ್ಪ ಎಲ್ಲಿ ಸಣಕಲು ಎಂದು ಬೆರಳೇ ಹೇಳುತ್ತದೆ. ಒಬ್ಬನ ತಕಲಿಯ ನೂಲನ್ನು ಇನ್ನೊಬ್ಬ ನೋಡಿ ‘ಇಲ್ಲಿ ಹತ್ತಿ ಜಾಸ್ತಿ ಬಿಟ್ಟಿದ್ದೀಯ’ ಎಂದರೆ ಅದರಲ್ಲಿ ಅವಮಾನವಿಲ್ಲ, ನಾಳೆಗೆ ಬೇಕಾದ ಮಾಹಿತಿಯಿದೆ. ‘ನಯೀ ತಾಲೀಮ್’ ಎಂಬ ಈ ಶಿಕ್ಷಣದ ವಿದ್ಯಾರ್ಥಿಗಳು ಅಡುಗೆಮನೆಯನ್ನು, ಶುಚಿಯ ಕೆಲಸವನ್ನು ಸರದಿಯಲ್ಲಿ ನಡೆಸಿ ತಮ್ಮ ಸಭೆಯಲ್ಲಿ ಲೆಕ್ಕ ಒಪ್ಪಿಸುತ್ತಿದ್ದರು. ಅಲ್ಲೂ ಚರ್ಚೆಗೆ ಸಿಗುತ್ತಿದ್ದದ್ದು ಬೇಳೆಯ ಖರ್ಚು, ಬಾವಿಕಟ್ಟೆಯ ಕೆಸರು.

ಪ್ರಬಂಧ, ಚಿತ್ರ, ವಿಜ್ಞಾನದ ವರದಿಗಳಿಗೆ ನೂಲಿನಂತೆ ಬೆರಳಿಗೆ ಸಿಗುವ ಗಂಟು ಇಲ್ಲವಲ್ಲ ಎನ್ನಬಹುದು. ಇಲ್ಲದಿದ್ದರೆ ಶಿಕ್ಷಕರು ತೋರಿಸಿಕೊಡಬೇಕು: ಮೊದಲ ವಾಕ್ಯ ಓದಿದ ಮೇಲೆ ವಿಷಯ ತಿಳಿಯಿತೇ, ಎಲ್ಲಿ ಅರ್ಥ ತಪ್ಪಿತು, ಹೇಳಿದ್ದಕ್ಕೆ ಕಾರಣ ಕೊಟ್ಟಿದ್ದಾಳೆಯೇ. ಆಸ್ಟ್ರೇಲಿಯದ ರಾಯ್ಸ್ ಸ್ಯಾಡ್ಲರ್ 1989ರಲ್ಲಿ ವಾದಿಸಿದ್ದು ಇದನ್ನೇ. ಒಳ್ಳೆಯ ಕೆಲಸ ಹೇಗಿರುತ್ತದೆಂಬ ಅರಿವು ಶಿಕ್ಷಕರ ತಲೆಯಲ್ಲಷ್ಟೇ ಇದ್ದರೆ ವಿದ್ಯಾರ್ಥಿ ತನ್ನನ್ನು ತಿದ್ದಿಕೊಳ್ಳಲಾರ. ಓರಗೆಯವರ ಕೆಲಸ ನೋಡುತ್ತ ಆ ಅರಿವು ಬರುತ್ತದೆ. ಹಾಗಾಗಿ ಲಾಭ ಹಾಳೆ ಕೊಟ್ಟವನಿಗಿಂತ ನೋಡಿದವನಿಗೇ ಹೆಚ್ಚು. ಅಂಕ ಮಾತ್ರ ಇದರ ಹತ್ತಿರ ಬರಬಾರದು. 1988ರಲ್ಲಿ ಇಸ್ರೇಲಿನ ರೂತ್ ಬಟ್ಲರ್ ನಡೆಸಿದ ಅಧ್ಯಯನದಲ್ಲಿ ಟಿಪ್ಪಣಿಯನ್ನಷ್ಟೇ ಪಡೆದ ಮಕ್ಕಳು ಮುಂದೆ ಬಂದರು. ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಿಗೆ ಟಿಪ್ಪಣಿಯಿಂದ ಪ್ರಯೋಜನವಾಗಲಿಲ್ಲ. ಕಾಲೇಜುಗಳ ಗುಂಪು ಪ್ರಾಜೆಕ್ಟುಗಳಲ್ಲಿ ಗೆಳೆಯರೇ ಗೆಳೆಯರಿಗೆ ಹತ್ತಕ್ಕೆ ಒಂಬತ್ತು ಹಾಕಿ ಚಹಾಕ್ಕೆ ಹೋಗುವುದನ್ನು ನೋಡಿದವರಿಗೆ ಈ ಅಧ್ಯಯನ ಬೇಕಾಗಿಯೂ ಇಲ್ಲ.

ಬುನಾದಿ ಹಂತದ ಆ ಮೂರು ಸಾಲುಗಳನ್ನು ಪರಖ್ ಕೈಬಿಡಬೇಕು. ಅವುಗಳ ಜಾಗದಲ್ಲಿ ಒಂದು ಚಿತ್ರ, ಒಂದು ಕತೆ, ಒಂದು ಲೆಕ್ಕವಿಟ್ಟು, ‘ಇದರಲ್ಲಿ ನಿನಗೆ ಹಿಡಿಸಿದ್ದು ಯಾವುದು, ಅರ್ಥವಾಗದ್ದು ಯಾವುದು’ ಎಂದು ಕೇಳಲಿ. ಅಲ್ಲಿಯ ತನಕ ಪತ್ರ ತುಂಬಿಸುವ ಶಿಕ್ಷಕರು ಸಹಪಾಠಿಗಳ ಆ ಚೌಕಗಳನ್ನು ತಂದೆತಾಯಿಗೆ ಓದಿ ಹೇಳುವ ಮುನ್ನ, ಗುರುತು ಹಾಕಿದ ಮಗು ಯಾರು, ಹಾಕಿಸಿಕೊಂಡ ಮಗು ಯಾರು ಎಂದು ಒಮ್ಮೆ ನೋಡಿಕೊಳ್ಳಲಿ.