ವೇಷ ಮತ್ತು ವಂಚನೆ: ಒಂದು ವರ್ಷದ ಕೌತುಕಗಳ ವಿಮರ್ಶೆ

ಅದ್ಭುತ ರಸಕ್ಕೆ ವಿಸ್ಮಯವು ಸ್ಥಾಯಿಭಾವವೆಂದೂ ಹಾಸ್ಯ ರಸಕ್ಕೆ ಹಾಸವು ಸ್ಥಾಯಿಭಾವವೆಂದೂ ಭರತಮುನಿಯ ನಾಟ್ಯಶಾಸ್ತ್ರ ಹೇಳುತ್ತದೆ. ಎರಡೂ ಹುಟ್ಟುವುದು ವಾಡಿಕೆಯನ್ನು ಮೀರಿದ ವಸ್ತುವಿನಿಂದ. ಕಂಡದ್ದು ನಮ್ಮ ಬುದ್ಧಿಯನ್ನು ಮೀರಿ ನಿಂತರೆ ಬೆರಗಾಗುತ್ತೇವೆ. ಅಂದಗೆಟ್ಟು, ಅಳತೆಗೆಟ್ಟು ಎದುರಿಗೆ ಬಂದರೆ ನಗುತ್ತೇವೆ. ಈಗ ಈ ಎರಡು ರಸಗಳೂ ಅಂಗೈಯಗಲದ ಗಾಜಿನ ಮೇಲೆ ಹಗಲಿರುಳೂ ಹರಿದು ಬರುತ್ತಿವೆ. ಬೆರಗು ಯಾವುದು, ನಗೆ ಯಾವುದು, ಬರಿಯ ಮೋಸ ಯಾವುದು ಎಂದು ಬೇರ್ಪಡಿಸುವ ವಿವೇಕವನ್ನು ಮಾತ್ರ ಆ ಗಾಜು ಕೊಡುವುದಿಲ್ಲ. ಅದು ವಿಮರ್ಶೆಯ ಕೆಲಸ. ಆದಕಾರಣ 2024ನೆಯ ಇಸವಿಯ ಕೆಲವು ಕೌತುಕಗಳನ್ನು, ಅವು ಪ್ರಕೃತಿಯವಾಗಿರಲಿ, ಯಂತ್ರದವಾಗಿರಲಿ, ರಾಜಕೀಯ ವಿಡಂಬನೆಯವಾಗಿರಲಿ, ಒಂದೇ ಒರೆಗಲ್ಲಿಗೆ ತಿಕ್ಕಿ ನೋಡುವುದು ಈ ಬರಹದ ಉದ್ದೇಶ.

ಆ ವರ್ಷ ಪ್ರಕೃತಿ ಉದಾರವಾಗಿಯೇ ಬಡಿಸಿತು. ಮೇ 10 ಮತ್ತು 11ರ ರಾತ್ರಿ, ಸೂರ್ಯನಿಂದ ಹೊರಟ ಕಣಗಳ ಪ್ರವಾಹವು ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸಿತು. ಎರಡು ದಶಕಗಳಲ್ಲಿ ಅಂಥ ಪ್ರಬಲ ಸೌರ ಬಿರುಗಾಳಿ ಬಂದಿರಲಿಲ್ಲ. ಧ್ರುವಪ್ರದೇಶದವರ ಸೊತ್ತೆಂದು ನಾವು ಪಾಠದಲ್ಲಿ ಓದಿದ ಧ್ರುವಪ್ರಭೆ ಲಡಾಖಿನ ಹಾನ್ಲೆಯಲ್ಲಿ ಕೆಂಪು ಹೊಳಪಾಗಿ ಗೋಚರಿಸಿತು. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮರಾಗಳು ಅದನ್ನು ಸೆರೆಹಿಡಿದವು. ಕೆಂಪೇ ಏಕೆ ಎಂಬುದಕ್ಕೂ ಕಾರಣವುಂಟು. ಬಹು ಎತ್ತರದಲ್ಲಿರುವ ಆಮ್ಲಜನಕ ಕೆಂಪಾಗಿ ಬೆಳಗುತ್ತದೆ. ಕೆಳಗಿನ ಹಸಿರು ದಿಗಂತದ ಮರೆಗೆ ಸರಿದು, ದಕ್ಷಿಣದಲ್ಲಿ ನಿಂತವರಿಗೆ ಮೇಲಿನ ಆ ಕೆಂಪು ಅಂಚು ಮಾತ್ರ ಕಾಣಿಸುತ್ತದೆ.

ಅದೇ ಬೇಸಗೆಯಲ್ಲಿ ಅಮೆರಿಕದ ಕಾಡುಗಳಲ್ಲಿ ಸಿಕಾಡಾ ಎಂಬ, ನಮ್ಮ ಜೀರುಂಡೆಯಂತೆ ಕಿರ್ರೆನ್ನುವ ಕೀಟಗಳ ಎರಡು ಪೀಳಿಗೆಗಳು ಒಟ್ಟಿಗೆ ನೆಲ ಬಿಟ್ಟು ಮೇಲೆದ್ದವು. ಒಂದು ಪೀಳಿಗೆ ಹದಿಮೂರು ವರ್ಷಕ್ಕೊಮ್ಮೆ, ಇನ್ನೊಂದು ಹದಿನೇಳು ವರ್ಷಕ್ಕೊಮ್ಮೆ ಹೊರಬರುವಂಥದು. ಎರಡೂ ಅವಿಭಾಜ್ಯ ಸಂಖ್ಯೆಗಳು. ಅವುಗಳ ಲಘುತಮ ಸಾಮಾನ್ಯ ಅಪವರ್ತ್ಯ 221. ಅಂದರೆ ಈ ಎರಡು ಪೀಳಿಗೆಗಳು ಹಿಂದೆ ಜತೆಗೂಡಿದ್ದು 1803ರಲ್ಲಿ, ನಮ್ಮ ಕರಾವಳಿ ಕಂಪನಿ ಸರಕಾರದ ಕೈಸೇರಿ ನಾಲ್ಕು ವರ್ಷವಾಗಿದ್ದಾಗ. ಮುಂದೆ ಕೂಡುವುದು 2245ರಲ್ಲಿ. ಲೆಕ್ಕದ ಮೇಷ್ಟರು ಕರಿಹಲಗೆಯ ಮೇಲೆ ಬರೆಯುವ ಸಮಸ್ಯೆಯೊಂದನ್ನು ಕೀಟವು ಮಣ್ಣಿನೊಳಗೆ ಕುಳಿತು ಬಿಡಿಸುತ್ತದೆಯೆಂದರೆ ವಿಸ್ಮಯಕ್ಕೆ ಬೇರೆ ಅಲಂಕಾರ ಬೇಕೆ?

ಈ ಎರಡು ದೃಶ್ಯಗಳ ಬಗೆಗೆ ಒಂದು ಮಾತನ್ನು ಗಮನಿಸಬೇಕು. ಕೆಂಪು ಆಕಾಶದ ಚಿತ್ರವನ್ನು ಇಂದು ಯಾವ ಬಾಲಕನಾದರೂ ಯಂತ್ರಕ್ಕೆ ಹೇಳಿ ಅರೆಗಳಿಗೆಯಲ್ಲಿ ಬರೆಯಿಸಬಲ್ಲ. ಅದು ಹಾನ್ಲೆಯ ಚಿತ್ರಕ್ಕಿಂತ ಸುಂದರವಾಗಿಯೂ ಇರಬಹುದು. ಹಾಗಾದರೆ ಹಾನ್ಲೆಯ ಚಿತ್ರದ ಬೆಲೆ ಎಲ್ಲಿದೆ? ಅದು ನಡೆಯಿತು ಎಂಬಲ್ಲಿದೆ. ಒಂದು ಸ್ಥಳ, ಒಂದು ರಾತ್ರಿ, ಕಂಡ ಒಂದು ಕಣ್ಣು, ಈ ಮೂರು ಆ ಚಿತ್ರದ ಹಿಂದೆ ನಿಂತಿವೆ. ಪ್ರಕೃತಿಯ ವಿಸ್ಮಯಕ್ಕೆ ಸೌಂದರ್ಯಕ್ಕಿಂತ ಮೊದಲು ಬೇಕಾದದ್ದು ಸಾಕ್ಷಿ.

ಇನ್ನು ಯಂತ್ರದ ಚಿತ್ರಗಳ ವಿಚಾರ. ಇವುಗಳ ಪ್ರತಾಪ ಜನರ ಗಮನಕ್ಕೆ ಬಂದದ್ದು 2022ರಲ್ಲಿ, ಅಮೆರಿಕದ ಕೊಲರಾಡೊ ರಾಜ್ಯದ ಮೇಳದಲ್ಲಿ ಮಿಡ್‌ಜರ್ನಿ ಎಂಬ ತಂತ್ರಾಂಶ ರಚಿಸಿದ ಕೃತಿಯೊಂದು ಡಿಜಿಟಲ್ ಕಲೆಯ ವಿಭಾಗದಲ್ಲಿ ಮೊದಲ ಬಹುಮಾನ ಪಡೆದಾಗ. ಭವ್ಯವಾದ ಸಭಾಂಗಣ, ಉದ್ದನೆಯ ಉಡುಪಿನ ಆಕೃತಿಗಳು, ಆಚೆಗೆ ಬೆಳಕು ತುಂಬಿದ ದೊಡ್ಡ ವೃತ್ತ: ನೋಡಿದ ಕೂಡಲೆ ಕಣ್ಣು ತಣಿಯುತ್ತದೆ, ಎರಡನೆಯ ಸಲ ನೋಡಿದಾಗ ಮನಸ್ಸು ಹಸಿದೇ ಉಳಿಯುತ್ತದೆ. ಆ ಆಕೃತಿಗಳು ಯಾರಿಗಾಗಿ ಕಾಯುತ್ತಿವೆ ಎಂದು ಕೇಳಿದರೆ ಚಿತ್ರದೊಳಗೆ ಉತ್ತರವಿಲ್ಲ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಎಂಬ ಕಲಾವಿದ ಇಬ್ಬರು ಹೆಂಗಸರ ಹಳೆಯ ಕಾಲದ ಭಾವಚಿತ್ರದಂತಿದ್ದ ಯಂತ್ರರಚನೆಯನ್ನು ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಗೆ ಕಳುಹಿಸಿ, ಬಹುಮಾನ ಬಂದಾಗ ಅದನ್ನು ನಿರಾಕರಿಸಿದ. ಕೃತಿಗೆ ಅವನಿಟ್ಟ ಹೆಸರಿನಲ್ಲೇ ‘ಸುಳ್ಳು ನೆನಪು’ ಎಂಬರ್ಥದ ಪದವಿತ್ತು. ಛಾಯಾಚಿತ್ರ ಬೇರೆ, ಇದು ಬೇರೆ ಎಂದು ಅವನು ವಾದಿಸಿದ. ಕೊಲರಾಡೊದ ಕೃತಿಗಿಂತ ಇದು ಮೇಲಿನದು ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಇದು ತನ್ನ ಸುಳ್ಳನ್ನೇ ವಸ್ತುವನ್ನಾಗಿ ಮಾಡಿಕೊಂಡಿದೆ.

ಆದರೆ 2024ರ ಕೌತುಕ ಇದನ್ನು ತಲೆಕೆಳಗು ಮಾಡಿತು. ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ, ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪದಲ್ಲಿ ತೆಗೆದ ಫ್ಲೆಮಿಂಗೊ ಹಕ್ಕಿಯ, ಅಂದರೆ ನಾವು ರಾಜಹಂಸವೆನ್ನುವ ಹಕ್ಕಿಯ ಚಿತ್ರವನ್ನು ‘1839 ಅವಾರ್ಡ್ಸ್’ ಎಂಬ ಸ್ಪರ್ಧೆಯ ಯಂತ್ರರಚಿತ ಚಿತ್ರಗಳ ವಿಭಾಗಕ್ಕೆ ಕಳುಹಿಸಿದ. ಗುಲಾಬಿ ಬಣ್ಣದ ಉಂಡೆಯಂಥ ದೇಹ, ಅದರ ಕೆಳಗೆ ಕಡ್ಡಿಯಂಥ ಕಾಲುಗಳು. ತಲೆ ಮಾತ್ರ ಇಲ್ಲ. ವಾಸ್ತವದಲ್ಲಿ ಹಕ್ಕಿ ಕೊರಳು ಬಾಗಿಸಿ ಹೊಟ್ಟೆ ಕೆರೆದುಕೊಳ್ಳುತ್ತಿತ್ತು, ಅಷ್ಟೆ. ತೀರ್ಪುಗಾರರು ಅದಕ್ಕೆ ಮೂರನೆಯ ಸ್ಥಾನ ಕೊಟ್ಟರು. ಜನರ ಮತದಲ್ಲಿ ಅದೇ ಗೆದ್ದಿತು. ಅದು ನಿಜವಾದ ಹಕ್ಕಿಯ ನಿಜವಾದ ಛಾಯಾಚಿತ್ರವೆಂದು ಅವನು ಬಹಿರಂಗಪಡಿಸಿದ ಮೇಲೆ ಬಹುಮಾನ ರದ್ದಾಯಿತು. ಉಳಿದ ಸ್ಪರ್ಧಿಗಳಿಗೆ ನ್ಯಾಯವಾಗಬೇಕಾದ್ದರಿಂದ ಅದು ಸರಿಯೇ. ಪ್ರಕೃತಿಯ ಕಲ್ಪನಾಶಕ್ತಿ ಯಂತ್ರಕ್ಕಿಂತ ಹಿರಿದೆಂದು ಇದರಿಂದ ಸಂತೋಷಪಟ್ಟವರು ಬಹಳ ಮಂದಿ. ನಾವು ಸಂತೋಷದ ಜತೆಗೆ ಆತಂಕವನ್ನೂ ಪಟ್ಟೆವು. ನಿಜವಾದ ಹಕ್ಕಿಯೊಂದು ಬಹುಮಾನ ಪಡೆಯಲು ‘ನಾನು ಸುಳ್ಳು’ ಎಂಬ ಪಂಕ್ತಿಯಲ್ಲಿ ಕುಳಿತುಕೊಂಡಿತು. ಅದನ್ನು ನೋಡಿದ ಪರಿಣತರಿಗೂ ಅದು ಸುಳ್ಳೆಂದೇ ತೋರಿತು. ಸುಳ್ಳನ್ನು ನಿಜವೆಂದು ನಂಬುವುದು ಒಂದು ನಷ್ಟ. ನಿಜವನ್ನು ಕಂಡಾಗಲೂ ‘ಇದೆಲ್ಲ ಯಂತ್ರದ್ದು ಬಿಡಿ’ ಎಂದು ಮುಖ ತಿರುಗಿಸುವುದು ಅದಕ್ಕಿಂತ ದೊಡ್ಡ ನಷ್ಟ. ಅಲ್ಲಿಗೆ ವಿಸ್ಮಯದ ಬೇರೇ ಕಡಿದಂತೆ.

ಮೂರನೆಯದು ರಾಜಕೀಯ ವಿಡಂಬನೆ. 2024 ನಮ್ಮಲ್ಲಿ ಲೋಕಸಭಾ ಚುನಾವಣೆಯ ವರ್ಷ, ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಯ ವರ್ಷ. ಮೇ ತಿಂಗಳಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ವೇದಿಕೆಯ ಮೇಲೆ ಕುಣಿಯುವಂತೆ ರಚಿಸಿದ ವಿಡಿಯೋ ಒಂದು ಹರಿದಾಡಿತು. ಪ್ರಧಾನಿಯವರು ತಾವೇ ಅದನ್ನು ಹಂಚಿಕೊಂಡು, ತಮಗೂ ಅದು ಖುಷಿ ಕೊಟ್ಟಿತೆಂದು ಬರೆದರು. ಅದೇ ಅಚ್ಚಿನಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯವರ ಚಿತ್ರ ಬಂದಾಗ ಕೋಲ್ಕತ್ತ ಪೊಲೀಸರು ಅದನ್ನು ಹಂಚಿದವರಿಗೆ ನೋಟೀಸು ನೀಡಿದರು. ಪಕ್ಷಗಳ ಮಾತು ನಮಗೆ ಬೇಡ, ಕೃತಿಯನ್ನಷ್ಟೇ ನೋಡೋಣ. ಎರಡೂ ವಿಡಿಯೋಗಳು ಒಂದೇ ಎರಕದವು. ಅಲ್ಲಿ ಕುಣಿಯುವುದು ಗೊಂಬೆಯೆಂದು ಮಗುವಿಗೂ ತಿಳಿಯುತ್ತದೆ. ಯಾರೂ ಅದನ್ನು ನಂಬಿ ಮೋಸಹೋಗಲಾರರು. ಆದ್ದರಿಂದ ಅದು ವಿಡಂಬನೆ. ನೋಟೀಸಿಗೆ ಅಲ್ಲಿ ಕೆಲಸವಿರಲಿಲ್ಲ.

ಅದಕ್ಕೆ ಒಂದು ತಿಂಗಳ ಹಿಂದೆ ಬಂದವು ಬೇರೆ ಬಗೆಯವು. ಹಿಂದಿ ಚಿತ್ರರಂಗದ ನಟರಾದ ಆಮಿರ್ ಖಾನ್ ಮತ್ತು ರಣವೀರ್ ಸಿಂಗ್ ರಾಜಕೀಯ ಮಾತು ಆಡುತ್ತಿರುವಂತೆ ತೋರುವ ವಿಡಿಯೋಗಳವು. ಅವರು ಆಡದ ಮಾತುಗಳನ್ನು ಅವರದೇ ದನಿಯಲ್ಲಿ ಆಡಿಸಲಾಗಿತ್ತು. ಇಬ್ಬರ ಕಡೆಯಿಂದಲೂ ಪೊಲೀಸರಿಗೆ ದೂರು ಹೋಯಿತು. ಅಲ್ಲಿ ನಗೆಯಿಲ್ಲ, ಅತಿಶಯವಿಲ್ಲ, ನಂಬಿಸುವ ಉದ್ದೇಶವೊಂದೇ. ಇದು ವಂಚನೆ.

ಇವೆರಡರ ನಡುವಿನ ಕ್ಲಿಷ್ಟ ಪ್ರಸಂಗ ಅಮೆರಿಕದ್ದು. ಜುಲೈ ತಿಂಗಳಲ್ಲಿ ಕಮಲಾ ಹ್ಯಾರಿಸ್ ಅವರ ದನಿಯನ್ನು ಯಂತ್ರದಿಂದ ನಕಲು ಮಾಡಿ, ಅವರು ತಮ್ಮನ್ನು ತಾವೇ ಹಳಿದುಕೊಳ್ಳುವಂತೆ ಚುನಾವಣಾ ಜಾಹೀರಾತೊಂದನ್ನು ರಚಿಸಲಾಯಿತು. ರಚಿಸಿದವರು ಅದಕ್ಕೆ ‘ಅಣಕ’ ಎಂಬ ಶೀರ್ಷಿಕೆ ಅಂಟಿಸಿದ್ದರು. ಎಲಾನ್ ಮಸ್ಕ್ ಅದನ್ನು ಹಂಚಿದಾಗ ಆ ಶೀರ್ಷಿಕೆ ಜತೆಯಲ್ಲಿ ಬರಲಿಲ್ಲ. ಹತ್ತು ಕೋಟಿಗೂ ಮೀರಿ ವೀಕ್ಷಣೆಗಳಾದವು. ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಇಂಥವನ್ನು ತಡೆಯುವ ಶಾಸನ ತಂದಿತು. ಅಕ್ಟೋಬರಿನಲ್ಲಿ ನ್ಯಾಯಾಲಯ ವಾಕ್‌ಸ್ವಾತಂತ್ರ್ಯದ ನೆಲೆಯಲ್ಲಿ ಅದಕ್ಕೆ ತಡೆಯೊಡ್ಡಿತು. ಕಾನೂನು ಎಡವುವ ಜಾಗ ಇದು, ವಿಮರ್ಶೆಯಾದರೂ ಮಾತಾಡಬೇಕು.

ಇಲ್ಲಿ ನಮಗೆ ಒದಗುವ ಅಳತೆಗೋಲು ನಮ್ಮ ನಾಡಿನದೇ. ಕುಂಬಳೆಯ ಪಾರ್ತಿಸುಬ್ಬನ ಊರಿನವರಾದ ನಮಗೆ ಯಕ್ಷಗಾನದ ಹಾಸ್ಯಗಾರನನ್ನು ಪರಿಚಯಿಸಬೇಕಾಗಿಲ್ಲ. ಅವನು ದ್ವಾರಪಾಲಕನಾಗಿ, ದೂತನಾಗಿ ರಂಗಕ್ಕೆ ಬಂದು ರಾಜನನ್ನೂ ಊರಿನ ದೊಡ್ಡವರನ್ನೂ ಒಟ್ಟಿಗೆ ಚುಚ್ಚುತ್ತಾನೆ. ಮುಂದಿನ ಸಾಲಿನಲ್ಲಿ ಕುಳಿತ ಯಜಮಾನರೂ ನಗುತ್ತಾರೆ. ‘ಇದು ತಮಾಷೆ’ ಎಂದು ಅವನು ಒಮ್ಮೆಯೂ ಹೇಳುವುದಿಲ್ಲ. ಚೌಕಿಯಲ್ಲಿ ಬಳಿದುಕೊಂಡ ಬಣ್ಣ, ತೊಟ್ಟ ಉಡುಪು, ಇಡುವ ಹೆಜ್ಜೆ, ಎಳೆಯುವ ರಾಗ ಎಲ್ಲವೂ ಹೇಳುತ್ತವೆ. ಅವನ ವೇಷ ಅವನ ಮೈಮೇಲಿದೆ. ಯಾರೂ ಅದನ್ನು ಕಿತ್ತುಕೊಂಡು ಬರಿಯ ಮಾತನ್ನು ಒಯ್ಯಲಾರರು. ರಾಶಿಯೆಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯೂ ಹಾಗೆಯೇ. ಅದರಲ್ಲಿ ಎಳೆಯ ಆರ್. ಕೆ. ಲಕ್ಷ್ಮಣರು ಬರೆದ ಚಿತ್ರಗಳಲ್ಲಿ ಉದ್ದಗೊಂಡ ಮೂಗೇ ಅಣಕದ ಮುದ್ರೆ. ಹ್ಯಾರಿಸ್ ವಿಡಿಯೋದ ವೇಷವಾದರೋ ಹೊರಗೆ ಅಂಟಿಸಿದ ಚೀಟಿ. ಮೊದಲ ಕೈ ಬದಲಾವಣೆಯಲ್ಲೇ ಕಳಚಿ ಬಿತ್ತು. ವಿಡಂಬನೆಯ ವೇಷ ಕೃತಿಯ ಒಳಗಿರಬೇಕು, ಹೊರಗಲ್ಲ: ಇದೇ ನಮ್ಮ ಒರೆಗಲ್ಲು. ಕುಣಿಯುವ ಗೊಂಬೆ ಅದರಲ್ಲಿ ಉತ್ತೀರ್ಣ, ನಟರ ವಿಡಿಯೋ ಅನುತ್ತೀರ್ಣ, ಅಮೆರಿಕದ ಅಣಕವೂ ಕಲಾಕೃತಿಯಾಗಿ ಅನುತ್ತೀರ್ಣ. ಅದನ್ನು ನಿಷೇಧಿಸಬೇಕೆಂದು ನಾವು ಹೇಳುವುದಿಲ್ಲ. ಅದು ಕಳಪೆ ವಿಡಂಬನೆಯೆಂದು ಹೇಳುತ್ತೇವೆ.

ಕಲೆಯೆಲ್ಲವೂ ಭ್ರಮೆಯೇ ಅಲ್ಲವೆ, ರಾವಣನ ಬಣ್ಣದ ವೇಷವೂ ಸುಳ್ಳೇ ಅಲ್ಲವೆ ಎಂದು ಸಹೃದಯರು ಕೇಳಬಹುದು. ಸುಳ್ಳು ಹೌದು, ಆದರೆ ಇಬ್ಬರೂ ಒಪ್ಪಿಕೊಂಡ ಸುಳ್ಳು. ಪ್ರೇಕ್ಷಕನು ದೀವಟಿಗೆಯ ಬೆಳಕಿನಲ್ಲಿ ಕುಳಿತು ತಾನಾಗಿ ನಂಬುತ್ತಾನೆ, ಬೆಳಗಾದಾಗ ತಾನಾಗಿ ಎದ್ದು ಹೋಗುತ್ತಾನೆ. ವಂಚನೆಯಲ್ಲಿ ಪ್ರೇಕ್ಷಕನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ, ಬೆಳಗಾಗುವುದೂ ಇಲ್ಲ.

ಇದು ದೂರದ ದೇಶಗಳ ಮಾತೆಂದು ಗಡಿನಾಡಿನ ನಾವು ಸುಮ್ಮನಿರುವಂತಿಲ್ಲ. ಚಂದ್ರಗಿರಿ ಹೊಳೆ ನಮಗೆ ಮಹಾಜನ ವರದಿಯ ಗಡಿರೇಖೆಯಾಗಿ ಚಿರಪರಿಚಿತ. ಅದೇ ಹೊಳೆಯ ಮರಳಿನೊಳಗೆ, ಮಲಯಾಳದಲ್ಲಿ ಪಾಲಪ್ಪೂವನ್ ಎನ್ನುವ ದೈತ್ಯ ಮೆದುಚಿಪ್ಪಿನ ಆಮೆ ಬದುಕಿದೆ. ಕಪ್ಪೆಯಂಥ ಮೋರೆ, ಹರಿವಾಣದಂತೆ ಚಪ್ಪಟೆಯಾದ ಮೈ. ಬಲಿತರೆ ನೂರು ಕಿಲೋ ತೂಗಬಲ್ಲದು. ದಿನದ ಬಹುಪಾಲು ಮರಳಿನಲ್ಲಿ ಹೂತು ಅಲುಗಾಡದೆ ಇರುತ್ತದೆ, ಉಸಿರಿಗಾಗಿ ಅಪರೂಪಕ್ಕೆ ಮೇಲೆ ಬರುತ್ತದೆ. ಜಗತ್ತಿನಲ್ಲಿ ಅಳಿವಿನ ಅಂಚಿಗೆ ಬಂದಿರುವ ಈ ಪ್ರಾಣಿಯನ್ನು ಕಾಸರಗೋಡು ಜಿಲ್ಲೆಯ ಅಧಿಕೃತ ಜೀವಿಯೆಂದು ಘೋಷಿಸಲಾಗಿದೆ. ಅದು ಇಲ್ಲಿ ಮೊಟ್ಟೆಯಿಟ್ಟು ಮರಿಮಾಡುತ್ತದೆಂದು ವಿಜ್ಞಾನಿಗಳು ದಾಖಲಿಸಲು ಆಧಾರವಾದದ್ದು ಉಪಗ್ರಹವಲ್ಲ. ಹೊಳೆಯ ದಡದಲ್ಲಿ ಬಾಳುವ ಜನ ‘ನಾವು ಇಂಥಲ್ಲಿ ಕಂಡೆವು’ ಎಂದು ಹೇಳಿದ ಮಾತು. ಆ ಮಾತನ್ನು ಕೇಳುವವರು ಇದ್ದರು, ನಂಬಿ ಹೋಗಿ ನೋಡುವವರು ಇದ್ದರು. ನಾಳೆ ಮೀನುಗಾರನೊಬ್ಬ ಆ ಆಮೆಯ ಚಿತ್ರ ಕಳುಹಿಸಿದರೆ, ಅದರ ವಿಚಿತ್ರ ಮೋರೆಯನ್ನು ಕಂಡು ಗುಂಪಿನವರು ‘ಯಂತ್ರದ್ದು’ ಎಂದು ನಕ್ಕು ಬಿಟ್ಟರೆ ಗತಿಯೇನು? ಮರಳಿನ ಗೂಡು ನೀರುಪಾಲಾಗುವ ಮೊದಲು ಯಾರೂ ಅಲ್ಲಿಗೆ ಹೋಗಲಾರರು.

ಭಾಷಿಕ ಅಲ್ಪಸಂಖ್ಯಾತರ ಪಾಡೂ ಹೀಗೆಯೇ. ಸಂಖ್ಯಾಬಲವಿಲ್ಲದವರಿಗೆ ಸಾಕ್ಷ್ಯವೇ ಬಲ. ಶಾಲೆಯ ಹಾಜರಿ ಪುಸ್ತಕ, ಹಳೆಯ ದಸ್ತಾವೇಜು, ಹಿರಿಯರ ಹೇಳಿಕೆ, ಇವುಗಳನ್ನು ಹಿಡಿದೇ ನಾವು ಇಷ್ಟು ವರ್ಷ ನಮ್ಮ ಅಹವಾಲು ಸಲ್ಲಿಸುತ್ತ ಬಂದಿದ್ದೇವೆ. ಯಾವ ದಾಖಲೆಯನ್ನೂ ಯಾರೂ ನಂಬದ ಕಾಲ ಬಂದರೆ ಮೊದಲು ಸೋಲುವವರು ನಮ್ಮಂಥವರು. ಮಂಜೇಶ್ವರದ ಗೋವಿಂದ ಪೈಗಳು ಕವಿಯೂ ಹೌದು, ಒಂದು ಇಸವಿಗಾಗಿ ಶಾಸನಗಳನ್ನು ಶೋಧಿಸಿದ ಸಂಶೋಧಕರೂ ಹೌದು. ಕಲ್ಪನೆ ಮತ್ತು ಪ್ರಮಾಣ ಒಂದೇ ಮನೆಯಲ್ಲಿ, ಒಂದನ್ನೊಂದು ಕೆಡಿಸದೆ ಬಾಳಬಲ್ಲವೆಂಬುದಕ್ಕೆ ಅವರೇ ನಿದರ್ಶನ.

ಆದ್ದರಿಂದ ಈ ಸಮ್ಮೇಳನಕ್ಕೆ ಬಂದ ಓದುಗರಲ್ಲಿ, ವಿಶೇಷವಾಗಿ ಕನ್ನಡ ಶಾಲೆಗಳ ಅಧ್ಯಾಪಕರಲ್ಲಿ ನಮ್ಮದೊಂದು ವಿನಂತಿ. ಮಕ್ಕಳಿಗೆ ರಸ, ಅಲಂಕಾರಗಳನ್ನು ಕಲಿಸುವ ಗಂಟೆಯಲ್ಲೇ ಎರಡು ಪ್ರಶ್ನೆಗಳನ್ನೂ ಕಲಿಸೋಣ. ಬೆರಗುಗೊಳಿಸುವ ಚಿತ್ರ ಬಂದರೆ: ಕಂಡವರು ಯಾರು, ಎಲ್ಲಿ, ಯಾವಾಗ? ನಗಿಸುವ ಚಿತ್ರ ಬಂದರೆ: ಇದರ ವೇಷ ಮೈಮೇಲೆ ಇದೆಯೆ? ಎರಡಕ್ಕೂ ಉತ್ತರ ಸಿಕ್ಕಿದರೆ ಮನಸಾರೆ ಬೆರಗಾಗಲಿ, ಮನಸಾರೆ ನಗಲಿ. ಸಿಗದಿದ್ದರೆ ಇನ್ನೊಬ್ಬರಿಗೆ ರವಾನಿಸುವ ಬೆರಳನ್ನು ಅರೆಗಳಿಗೆ ತಡೆಯಲಿ.