ಗುಪ್ತದಾನಿಯ ಕೈಗೆ ಲೆಕ್ಕದ ಪುಸ್ತಕ

ಮದುವೆಗೆ ಬಂದ ಮೂವರು ಹೆಣ್ಣುಮಕ್ಕಳು, ವರದಕ್ಷಿಣೆ ಹೊಂದಿಸಲಾಗದೆ ಕಂಗೆಟ್ಟ ಅಪ್ಪ. ನಮ್ಮ ಯಾವ ಊರಿನಲ್ಲಾದರೂ ನಡೆಯಬಹುದಾದ ಕಥೆ. ಐತಿಹ್ಯದ ಪ್ರಕಾರ ನಡೆದದ್ದು ಮಾತ್ರ ಈಗಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿ, ನಾಲ್ಕನೆಯ ಶತಮಾನದ ಸುಮಾರಿಗೆ. ಮುಂದೆ ಮೈರಾ ಪಟ್ಟಣದ ಬಿಷಪ್ ಆದ ನಿಕೋಲಸರು ಒಂದು ರಾತ್ರಿ ಆ ಮನೆಯ ಕಿಟಕಿಯಿಂದ ಚಿನ್ನದ ಗಂಟೊಂದನ್ನು ಒಳಗೆಸೆದು ಹೋಗುತ್ತಾರೆ. ಹಿರಿಯವಳ ಮದುವೆಯಾಗುತ್ತದೆ. ಎರಡನೆಯವಳಿಗೂ ಹಾಗೆಯೇ. ಮೂರನೆಯ ಸಲ ಅಪ್ಪ ನಿದ್ದೆಗೆಟ್ಟು ಕಾದು, ಹಿಂದೆಯೇ ಓಡಿ, ಹಿಡಿದುಬಿಡುತ್ತಾನೆ. ಯಾರಿಗೂ ಹೇಳಕೂಡದೆಂದು ನಿಕೋಲಸರು ಅವನಿಂದ ಮಾತು ತೆಗೆದುಕೊಳ್ಳುತ್ತಾರೆ.

ಸಾಂತಾ ಕ್ಲಾಸ್ ತಾತನ ಬೇರು ಇಲ್ಲಿದೆ. ನಾವು ಗುಪ್ತದಾನ ಎನ್ನುವುದು ಇದನ್ನೇ. ಆ ಹುಡುಗಿಯರ ನಡತೆ ಹೇಗೆ ಎಂದು ನಿಕೋಲಸರು ವಿಚಾರಿಸಲಿಲ್ಲ, ತಮ್ಮ ಹೆಸರನ್ನೂ ಬಿಟ್ಟುಕೊಡಲಿಲ್ಲ. ಆಮೇಲಿನ ಚರಿತ್ರೆಯನ್ನು ಈ ಕೋಲಿನಿಂದ ಅಳೆದರೆ ತಾತ ಬೆಳೆದ ಅನ್ನುವುದಕ್ಕಿಂತ ಜಾರಿದ ಅನ್ನಬೇಕಾಗುತ್ತದೆ.

1087ರಲ್ಲಿ ಇಟಲಿಯ ನಾವಿಕರು ಸಂತರ ಅಸ್ಥಿಗಳನ್ನು ಮೈರಾದಿಂದ ಬಾರಿ ನಗರಕ್ಕೆ ಒಯ್ದರು. ಭಕ್ತಿ ಪಶ್ಚಿಮಕ್ಕೆ ಹಬ್ಬಿತು. ಡಚ್ಚರ ಬಾಯಲ್ಲಿ ಸಂತರು ಸಿಂಟರ್‌ಕ್ಲಾಸ್ ಆದರು: ಬಿಷಪ್ಪರ ಕೆಂಪು ನಿಲುವಂಗಿ, ಎತ್ತರದ ಟೋಪಿ, ಬಿಳಿ ಕುದುರೆ. ಡಚ್ಚರೇ ಕಟ್ಟಿದ ನ್ಯೂಯಾರ್ಕಿನಲ್ಲಿ 1812ರ ಹೊತ್ತಿಗೆ ವಾಷಿಂಗ್ಟನ್ ಇರ್ವಿಂಗ್ ತನ್ನ ವಿನೋದದ ಇತಿಹಾಸ ಪುಸ್ತಕದಲ್ಲಿ ನಿಕೋಲಸರನ್ನು ಮರಗಳ ಮೇಲೆ ಗಾಡಿಯಲ್ಲಿ ಹಾರಾಡಿಸಿದ.

ಮುಖ್ಯ ತಿರುವು 1823ರದು. ಟ್ರಾಯ್ ಎಂಬ ಊರಿನ ಪತ್ರಿಕೆಯಲ್ಲಿ ‘ಸಂತ ನಿಕೋಲಸರ ಭೇಟಿ’ ಎಂಬ ಪದ್ಯ ಬಂತು, ಕವಿಯ ಹೆಸರಿಲ್ಲದೆ. ಮುಂದೆ ಕ್ಲೆಮೆಂಟ್ ಮೂರ್ ತನ್ನದೆಂದ. ಹೆನ್ರಿ ಲಿವಿಂಗ್‌ಸ್ಟನ್‌ನದೆಂಬ ವಾದ ಇಂದಿಗೂ ನಿಂತಿಲ್ಲ. ಯಾರದಾದರೂ ಇರಲಿ, ತಾತನ ಕುರಿತ ಬರಹಗಳಲ್ಲಿ ನನ್ನ ಮಟ್ಟಿಗೆ ಇದೇ ಮೇಲು. ಎರಡು ವರ್ಷ ಹಿಂದಿನ ಒಂದು ಮಕ್ಕಳ ಪುಸ್ತಿಕೆಯಲ್ಲಿ ತುಂಟರಿಗಾಗಿ ಬೆತ್ತವಿತ್ತು, ಇಲ್ಲಿ ಇಲ್ಲ. ತಾತ ಮೈಯೆಲ್ಲ ಮಸಿ ಮಾಡಿಕೊಂಡು ಇಳಿಯುತ್ತಾನೆ, ಮಾತಾಡದೆ ಕಾಲುಚೀಲಗಳನ್ನು ತುಂಬುತ್ತಾನೆ, ಹೋಗುತ್ತಾನೆ. ಗಾಡಿಯೂ ಪುಟ್ಟದು, ಅದನ್ನೆಳೆಯುವ ಎಂಟು ಹಿಮಸಾರಂಗಗಳೂ ಪುಟ್ಟವು. ಚಿಮಣಿಯಲ್ಲಿ ತೂರುವುದು ನಂಬುವಂತಿದೆ. ಆಮೇಲಿನವರು ತಾತನನ್ನು ಆಳೆತ್ತರಕ್ಕೆ ಬೆಳೆಸಿದರು, ಚಿಮಣಿಯನ್ನು ಮಾತ್ರ ಅಗಲ ಮಾಡಲಿಲ್ಲ.

ಹಾಗೆ ಬೆಳೆಸಿದವರಲ್ಲಿ ದೊಡ್ಡ ಹೆಸರು ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್. ಜರ್ಮನಿಯ ಲಾಂಡಾವಿನಲ್ಲಿ 1840ರಲ್ಲಿ ಹುಟ್ಟಿ ಬಾಲ್ಯದಲ್ಲೇ ನ್ಯೂಯಾರ್ಕಿಗೆ ಬಂದವನು. ‘ಹಾರ್ಪರ್ಸ್ ವೀಕ್ಲಿ’ಯ 1863ರ ಜನವರಿ 3ರ ಸಂಚಿಕೆಯ ಮುಖಪುಟ ನೋಡಿ. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದೆ, ತಾತ ಉತ್ತರದವರ ಸೇನೆಯ ಬಿಡಾರದಲ್ಲಿ ಉಡುಗೊರೆ ಹಂಚುತ್ತಿದ್ದಾನೆ. ಅಂಗಿಯ ಮೇಲೆ ನಕ್ಷತ್ರ, ಷರಾಯಿಯ ಮೇಲೆ ಪಟ್ಟೆ. ಕೈಯಲ್ಲೊಂದು ಕೀಲುಗೊಂಬೆ, ದಾರ ಅದರ ಕುತ್ತಿಗೆಗೆ. ಆ ಗೊಂಬೆ ದಕ್ಷಿಣದವರ ಅಧ್ಯಕ್ಷ ಜೆಫರ್ಸನ್ ಡೇವಿಸ್! ಮಕ್ಕಳ ತಾತ ಪಕ್ಷ ಸೇರಿದ್ದು ಅವತ್ತು.

ಇಷ್ಟಾದರೆ ಯುದ್ಧಕಾಲದ ಆವೇಶ ಎಂದು ಬಿಡಬಹುದಿತ್ತು. 1866ರ ಚಿತ್ರಮಾಲೆಯಲ್ಲಿ ನಾಸ್ಟ್ ತಾತನಿಗೆ ದೂರದರ್ಶಕ ಕೊಟ್ಟ, ಮಕ್ಕಳ ನಡತೆ ಬರೆದಿಡುವ ದಪ್ಪ ಪುಸ್ತಕ ಕೊಟ್ಟ. 1871ರಲ್ಲಿ ತಾತ ಮೇಜಿಗೆ ಕೂತು ಟಪಾಲು ವಿಂಗಡಿಸುತ್ತಾನೆ: ಒಳ್ಳೆಯ ಮಕ್ಕಳ ಹೆತ್ತವರ ಕಾಗದ ಒಂದು ಕಡೆ, ತುಂಟರ ಹೆತ್ತವರದು ಇನ್ನೊಂದು ಕಡೆ. ತುಂಟರ ರಾಶಿಯೇ ಎತ್ತರ. ನಗು ಬರುತ್ತದೆ, ನಿಜ. ಗೆರೆಗಳ ಬಿಗಿಯೂ ಮೆಚ್ಚುವಂಥದ್ದು. ಅದೇ ವರ್ಷ ನಾಸ್ಟ್ ನ್ಯೂಯಾರ್ಕಿನ ಭ್ರಷ್ಟ ರಾಜಕಾರಣಿ ಟ್ವೀಡ್‌ನ ಬೆನ್ನುಹತ್ತಿದ್ದ. ಸಾರ್ವಜನಿಕ ಹಣ ನುಂಗಿದವನನ್ನು ಲೆಕ್ಕ ಕೇಳಲೇಬೇಕು. ಐದು ವರ್ಷದ ಮಗುವನ್ನೂ ಅದೇ ಕಣ್ಣಿಂದ ನೋಡಬೇಕೇ? ಕಷ್ಟ ನೋಡಿ ಕೊಡುತ್ತಿದ್ದ ಕೈ ಇಲ್ಲಿ ನಡತೆ ನೋಡಿ ಕೊಡತೊಡಗಿತು. ಬಡವರ ಮನೆಯ ಮಗುವಿಗೆ ಏನೂ ಸಿಗದಿದ್ದರೆ ತಪ್ಪು ಮಗುವಿನದೇ ಎಂದಾಯಿತು. ನಾಸ್ಟ್‌ನ ಮೇಲೆ ನನ್ನ ದೊಡ್ಡ ತಕರಾರು ಇದು.

ಕೋಕಾ-ಕೋಲಾದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೆಂಪು ಬಣ್ಣ ಆ ಕಂಪನಿಯ ಸೃಷ್ಟಿ ಎಂದು ಡಿಸೆಂಬರಿನಲ್ಲಿ ವಾಟ್ಸಾಪಿನಲ್ಲಿ ಓಡಾಡುವ ಮಾತು ಸುಳ್ಳು. ವೈಟ್ ರಾಕ್ ಎಂಬ ಪಾನೀಯದ ಜಾಹೀರಾತಿನಲ್ಲಿ 1923ರಲ್ಲೇ ಕೆಂಪಂಗಿಯ ತಾತನಿದ್ದ. ಕೋಕಾ-ಕೋಲಾಕ್ಕಾಗಿ ಹ್ಯಾಡನ್ ಸಂಡ್‌ಬ್ಲೋಮ್ 1931ರಿಂದ 1964ರವರೆಗೆ ಬರೆದ ತೈಲಚಿತ್ರಗಳಲ್ಲಿ ಕೆನ್ನೆಯ ಬಿಸುಪು, ತುಪ್ಪಟದ ಮೃದುತ್ವ ಕೈಗೆ ತಾಗುವಂತಿವೆ. ಆದರೆ ಅನೇಕ ಚಿತ್ರಗಳಲ್ಲಿ ಬಾಟಲಿ ತಾತನ ಕೈಯಲ್ಲೇ. ಕೊಡಲು ಬಂದವನು ಕುಡಿಯುತ್ತ ನಿಂತಿದ್ದಾನೆ.

ಹಳೆಯ ಗುಟ್ಟು ಪೂರಾ ಅಳಿದಿಲ್ಲ. ನೆದರ್ಲೆಂಡ್ಸಿನಲ್ಲಿ ಡಿಸೆಂಬರ್ 5ರ ಸಂಜೆ ದೊಡ್ಡವರೂ ಚೀಟಿ ಎತ್ತಿ ಉಡುಗೊರೆ ಕೊಡುತ್ತಾರೆ, ಜೊತೆಗೊಂದು ತಮಾಷೆಯ ಪದ್ಯ. ಕೆಳಗೆ ಬರೆದವರ ಹೆಸರಿರುವುದಿಲ್ಲ, ಸಿಂಟ್ ಎಂದಷ್ಟೇ ಇರುತ್ತದೆ. ಬೆಂಗಳೂರಿನ ಆಫೀಸುಗಳಲ್ಲೂ ‘ಸೀಕ್ರೆಟ್ ಸಾಂತಾ’ ಎಂದು ಚೀಟಿ ಎತ್ತುತ್ತೇವೆ. ಆದರೆ ಕೊನೆಯ ದಿನ ಕೇಕ್ ಕತ್ತರಿಸಿ, ಯಾರಿಗೆ ಯಾರು ಕೊಟ್ಟರು ಎಂದು ಚಪ್ಪಾಳೆಯ ನಡುವೆ ಹೇಳಿಸಿಬಿಡುತ್ತೇವೆ. ಈ ಡಿಸೆಂಬರಿನಲ್ಲಿ ನಿಮ್ಮ ಸರದಿ ಬಂದಾಗ ಹೆಸರು ಹೇಳಬೇಡಿ.